ಯಮರಾಯನ ರಿಲೇ

ಯಾರಾದರೂ ವಿಸಿಟಿಂಗ್ ಕಾರ್ಡು ಕೊಟ್ಟರೆ ನಾನು ಮೊದಲು ಹೆಸರು ಓದುವುದಿಲ್ಲ. ಹೆಬ್ಬೆರಳಿನಿಂದ ಅದರ ಮೈ ಸವರಿ ನೋಡುತ್ತೇನೆ. ನುಣ್ಣಗೆ ಹೊಳೆಯುವ ಕಾರ್ಡಾದರೆ, ಕೊಟ್ಟವರು ಎಂಥ ದೊಡ್ಡ ಮನುಷ್ಯರಾಗಿದ್ದರೂ ನನಗೆ ನಿರಾಸೆ. ತುಸು ಒರಟಾದ, ದಪ್ಪನೆಯ, ಹೆಚ್ಚು ಬಣ್ಣ ಬಳಿಯದ ಕಾರ್ಡು ಸಿಕ್ಕಿತೋ, ನನ್ನ ಮುಖ ಅರಳುತ್ತದೆ. ಅದು ತಮ್ಮ ಹುದ್ದೆಗೆ ಸಂದ ಗೌರವವೆಂದು ಪಾಪ ಅವರು ತಿಳಿದುಕೊಳ್ಳುತ್ತಾರೆ. ಆ ಹುದ್ದೆಯನ್ನೂ ಹೆಸರನ್ನೂ ನಾನು ಮನೆಗೆ ಒಯ್ದು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಸ್ಪಿರಿಟ್ಟಿನಲ್ಲಿ ಅದ್ದುತ್ತೇನೆಂದು ಅವರಿಗೆ ಹೇಗೆ ಹೇಳಲಿ? ಒಮ್ಮೆ ನನ್ನ ಗಂಡ ದಿವಾಕರ ತಮ್ಮ ಹೊಸ ಮ್ಯಾನೇಜರರ ಕಾರ್ಡಿಗಾಗಿ ಮನೆಯೆಲ್ಲ ಹುಡುಕಿದರು. ಅವರ ಕೈಗೆ ಸಿಕ್ಕಿದ್ದು 'ಜನರಲ್' ಎಂಬ ಒಂದು ತುಂಡು ಮಾತ್ರ, ಅದೂ ಕರ್ರಗಾಗಿ.

ಈ ಪಟ್ಟಿಗಳು ರಿಲೇ ತೊಳೆಯುವುದಕ್ಕೆ. ರಿಲೇ ಅಂದರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನೀವು ಅದನ್ನು ನೋಡಿಲ್ಲದಿರಬಹುದು, ಆದರೆ ಕೇಳಿಯೇ ಕೇಳಿದ್ದೀರಿ. ನಾನು ಚಿಕ್ಕವಳಿದ್ದಾಗ ನಮ್ಮ ಪಡುಬಿದ್ರಿಯ ಮನೆಯಲ್ಲಿ ಟಿವಿಯ ಕೆಳಗೆ ಒಂದು ಸ್ಟೆಬಿಲೈಸರ್ ಇತ್ತು. ಕರೆಂಟು ಏರಿದಾಗಲೂ ಇಳಿದಾಗಲೂ ಅದು 'ಟಕ್' ಎನ್ನುತ್ತಿತ್ತು. ಆ ಟಕ್ಕುಗಳ ಲೆಕ್ಕದ ಮೇಲೆ ಆಚೆಮನೆಯ ಲೀಲಕ್ಕ ಪಂಪು ಹಾಕಿದರೋ, ಎದುರಿನ ಹಿಟ್ಟಿನ ಮಿಲ್ಲು ಶುರುವಾಯಿತೋ ಎಂದು ನಾನು ಕುಳಿತಲ್ಲಿಂದಲೇ ಹೇಳುತ್ತಿದ್ದೆ. ಆ ಸದ್ದು ಮಾಡುವ ಪ್ರಾಣಿಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ತಡೆಯಲಾಗದೆ, ಅಮ್ಮ ಮದುವೆಯೊಂದಕ್ಕೆ ಹೋಗಿದ್ದ ಒಂದು ಭಾನುವಾರ ಪೆಟ್ಟಿಗೆ ಬಿಚ್ಚಿದೆ. ಒಳಗಿದ್ದದ್ದು ತಾಮ್ರದ ತಂತಿ ಸುತ್ತಿದ ಒಂದು ಪುಟ್ಟ ಸುರುಳಿ, ಅದರ ನೆತ್ತಿಯ ಮೇಲೊಂದು ಕಬ್ಬಿಣದ ರೆಪ್ಪೆ. ಕರೆಂಟು ಹರಿದರೆ ಸುರುಳಿ ಅಯಸ್ಕಾಂತವಾಗಿ ರೆಪ್ಪೆಯನ್ನು ಎಳೆದುಕೊಳ್ಳುತ್ತದೆ, ರೆಪ್ಪೆ ಹೋಗಿ ಎದುರಿನ ಬೆಳ್ಳಿಯ ಚುಕ್ಕೆಯನ್ನು ಮುಟ್ಟುತ್ತದೆ, ಟಕ್. ಕರೆಂಟು ನಿಂತರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತದೆ, ಮತ್ತೆ ಟಕ್. ಇಷ್ಟೇ ರಿಲೇ. ಮುಟ್ಟುವುದು, ಬಿಡುವುದು. ನಾನು ಬಿಚ್ಚಿದ ಮೇಲೆ ಅದು ಮುಟ್ಟಲೂ ಇಲ್ಲ, ಬಿಡಲೂ ಇಲ್ಲ. ಆ ಸಂಜೆ ಅಮ್ಮ ಬೈದದ್ದು ಸ್ಟೆಬಿಲೈಸರ್ ಕೆಟ್ಟದ್ದಕ್ಕಲ್ಲ, ಭಾನುವಾರದ ಸಿನಿಮಾ ತಪ್ಪಿದ್ದಕ್ಕೆ.

ಆ ಬೈಗುಳವೇ ಪ್ರೇರಣೆಯಾಯಿತೋ ಏನೋ, ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೆ. ಮದುವೆಯಾಗಿ ದುಬೈಗೆ ಬಂದೆ. ಡಿಪ್ಲೊಮಾ ಸರ್ಟಿಫಿಕೇಟಿಗೆ ನಾಲ್ಕಾರು ಸೀಲುಗಳು ಬಿದ್ದವು, ಕೆಲಸ ಮಾತ್ರ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಸಿಕ್ಕಿತು. ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಹನ್ನೆರಡು ವರ್ಷ ಇದ್ದ ಐರನ್ ಅಂದರೆ ಇಸ್ತ್ರಿ ಪೆಟ್ಟಿಗೆ ಒಂದೇ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಹೇಗೆ ಹಿಡಿಯುವುದೆಂಬುದೇ ಕೈಗೆ ಮರೆತುಹೋಗಿತ್ತು.

ಹೀಗಿರುವಾಗ ನಾಟಕ ಬಂತು. ದಿವಾಕರ ಟಯರ್ ಕಂಪನಿಯಲ್ಲಿ ಸೇಲ್ಸ್‌ಮನ್. ಆದರೆ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಅವರು ಯಮಧರ್ಮರಾಯ. ಕರಾವಳಿಯ ನಾಲ್ಕಾರು ಮನೆಗಳವರು ಸೇರಿ ಕನ್ನಡ ತುಳು ಬೆರೆಸಿ ಆಡುವ ನಗೆನಾಟಕ ಅದು. ಬರೆಯುವವರು, ಆಡಿಸುವವರು, ಚಿತ್ರಗುಪ್ತನ ಪಾತ್ರ ಮಾಡುವವರು ಎಲ್ಲ ಒಬ್ಬರೇ, ಬ್ಯಾಂಕಿನ ಮೋಹನಣ್ಣ. ಕತೆ ಪ್ರತಿ ವರ್ಷ ಬದಲಾದರೂ ಯಮ ಬದಲಾಗುವುದಿಲ್ಲ. ದಿವಾಕರರ ತಲೆಗೆ ಸರಿಯಾಗಿ ಕಿರೀಟ, ಹೊಟ್ಟೆಗೆ ಸರಿಯಾಗಿ ನಡುಪಟ್ಟಿ ಎಲ್ಲ ಮಾಡಿಸಿಟ್ಟಿದ್ದರಿಂದ ಹೊಸ ಯಮನನ್ನು ಹುಡುಕುವುದು ಕಷ್ಟ.

ಯಮ ಎಂದ ಮೇಲೆ ದನಿ ಗುಂಯ್‌ಗುಡಬೇಕಲ್ಲ? ಅದನ್ನು ಗುಂಯ್‌ಗುಡಿಸುತ್ತಿದ್ದದ್ದು ಭಟ್ಕಳದ ಇಸ್ಮಾಯಿಲ್ ಸಾಹೇಬರ ಎಕೋ ಪೆಟ್ಟಿಗೆ. ಸಾಹೇಬರಿಗೆ ಎಪ್ಪತ್ತರ ಹತ್ತಿರ. ದುಬೈಯ ಹಳೆ ಪೇಟೆ ದೇರಾದಲ್ಲಿ ಬಟ್ಟೆ ಅಂಗಡಿ. ಎಂಬತ್ತರ ದಶಕದಲ್ಲಿ ಅದೇ ಜಾಗದಲ್ಲಿ ಅವರದ್ದು ಕ್ಯಾಸೆಟ್ ಅಂಗಡಿಯಿತ್ತು, ಹಿಂಬದಿಯಲ್ಲಿ ರೆಕಾರ್ಡಿಂಗಿಗೆಂದು ಒಂದು ಪುಟ್ಟ ಮೂಲೆ. ಫೋನು ದುಬಾರಿಯಾಗಿದ್ದ ಆ ಕಾಲದಲ್ಲಿ ಊರವರು ಅಲ್ಲಿ ಕುಳಿತು ಮನೆಗೆ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದರಂತೆ. ಸಾಹೇಬರು ಎಲ್ಲಿಂದಲೋ ಈ ಪೆಟ್ಟಿಗೆ ತಂದಿಟ್ಟದ್ದೇ ತಡ, ಎಲ್ಲರಿಗೂ ತಮ್ಮ ಕಾಗದದಲ್ಲಿ ಎಕೋ ಬೇಕಾಯಿತು. "ಒಬ್ಬ ಡ್ರೈವರ್ ಇದ್ದ," ಎಂದು ಸಾಹೇಬರು ಹೇಳುತ್ತಿದ್ದರು, "ಅವನು 'ಅಮ್ಮಾ ನಾನು ಚೆನ್ನಾಗಿದ್ದೇನೆ' ಅಂತ ಫುಲ್ ಎಕೋ ಹಾಕಿಸಿ ಕಳ್ಸಿದ. ಅವನ ತಾಯಿ ವಾಪಸ್ ಕಾಗದ ಬರೆಸಿದ್ಳು: ಮಗನೇ, ನೀನು ಯಾವ ಬಾವಿಗೆ ಬಿದ್ದಿದ್ದೀ, ಯಾರಾದ್ರೂ ಮೇಲೆ ಎತ್ತಿದ್ರಾ ಅಂತ!"

ಪೆಟ್ಟಿಗೆಯೊಳಗೆ ಒಂದು ಟೇಪು ಸುತ್ತು ಹೊಡೆಯುತ್ತಿರುತ್ತದೆ. ಮಾತು ಅದರಲ್ಲಿ ದಾಖಲಾಗಿ, ಕ್ಷಣ ಬಿಟ್ಟು ಮತ್ತೆ ಮತ್ತೆ ಕೇಳುತ್ತದೆ. ಕಾಲಡಿಯಲ್ಲಿ ಒಂದು ಸ್ವಿಚ್ಚು. ಒತ್ತಿದರೆ ಒಳಗಿನ ರಿಲೇ ಟಿಕ್ ಎಂದು ದನಿಯನ್ನು ಟೇಪಿನ ದಾರಿಗೆ ತಿರುಗಿಸುತ್ತದೆ, ಬಿಟ್ಟರೆ ಟಿಕ್ ಎಂದು ನೇರದಾರಿಗೆ ತರುತ್ತದೆ. ಯಮ ತೀರ್ಪು ಕೊಡುವಾಗ ಎಕೋ ಇರಬೇಕು. ಚಿತ್ರಗುಪ್ತನ ಕಿವಿಯಲ್ಲಿ ಗುಟ್ಟು ಹೇಳುವಾಗ ಇರಬಾರದು. ಪ್ರತಿ ವರ್ಷ ಸಾಹೇಬರೇ ಪರದೆಯ ಬದಿಯಲ್ಲಿ ಕುಳಿತು, ಚಪ್ಪಲಿ ಕಳಚಿ, ಬರಿಗಾಲಿನಿಂದ ಆ ಸ್ವಿಚ್ಚನ್ನು ಒತ್ತುತ್ತಿದ್ದರು.

ಆ ವರ್ಷ ಮೊದಲ ತಾಲೀಮಿನ ದಿನವೇ ಯಮನ ದನಿ ಅರ್ಧದಲ್ಲಿ ಮಾಯವಾಗತೊಡಗಿತು. "ಎಲೈ ಪಾಪಿ" ಎಂದರೆ "ಎಲೈ" ಮಾತ್ರ ಕೇಳುತ್ತಿತ್ತು. ಪೆಟ್ಟಿಗೆಯ ತಲೆಗೆ ತಟ್ಟಿದರೆ "ಪಾಪಿ" ಬರುತ್ತಿತ್ತು. ಸಾಹೇಬರು ಅದನ್ನು ಶಾರ್ಜಾದ ಒಬ್ಬ ಟೆಕ್ನಿಷಿಯನ್ನಿಗೆ ತೋರಿಸಿದರು. ಅವನು ಮುಚ್ಚಳವನ್ನೂ ತೆಗೆಯದೆ "ಖಲಾಸ್" ಎಂದನಂತೆ.

ಮುಂದಿನ ಶುಕ್ರವಾರ ತಾಲೀಮು ನಮ್ಮ ಮನೆಯಲ್ಲಿತ್ತು. ಸಾಹೇಬರು ಪೆಟ್ಟಿಗೆಯನ್ನು ಸೋಫಾದ ಮೇಲೆ ತಮ್ಮ ಪಕ್ಕದಲ್ಲೇ ಇಟ್ಟುಕೊಂಡು ಕುಳಿತಿದ್ದರು. ಮೋಹನಣ್ಣ ಮೆಲ್ಲಗೆ, "ಸಾಹೇಬ್ರೇ, ಬೇಜಾರು ಮಾಡ್ಬೇಡಿ, ಈ ಸಲ ಲ್ಯಾಪ್‌ಟಾಪಿನಲ್ಲೇ ಎಂತಾದ್ರೂ ಮಾಡುವ" ಎಂದರು. ನಮ್ಮ ಮಗಳು ಅನ್ವಿ, ಆಗ ಹನ್ನೊಂದು ವರ್ಷ, ಮೊಬೈಲಿನಿಂದ ತಲೆಯೆತ್ತದೆ, "ದೇರ್ ಈಸ್ ಆ್ಯನ್ ಆ್ಯಪ್ ಫಾರ್ ದಟ್" ಎಂದಳು. ಸಾಹೇಬರು ಪೆಟ್ಟಿಗೆಯ ಮೇಲೆ ಇಲ್ಲದ ಧೂಳನ್ನು ಕರ್ಚೀಫಿನಿಂದ ಒರೆಸಿದರು.

"ನಾನು ನೋಡ್ತೇನೆ," ಎಂದೆ.

ಎಲ್ಲರೂ ನನ್ನ ಕೈಯಲ್ಲಿದ್ದ ಗೋಳಿಬಜೆಯ ತಟ್ಟೆಯನ್ನು ನೋಡಿದರು. ದಿವಾಕರ ತುಸು ಗಾಬರಿಯಿಂದ, "ಅದು ಮಿಕ್ಸಿ ಅಲ್ಲ ಮಾರಾಯ್ತಿ" ಎಂದರು. ಆ ಒಂದು ಮಾತಿಲ್ಲದಿದ್ದರೆ ನಾನು ಹಿಂಜರಿಯುತ್ತಿದ್ದೆನೇನೋ. ತಟ್ಟೆಯನ್ನು ಅವರ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ.

ಬಿಚ್ಚಿದೆ. ನೋಡಿದ ಕೂಡಲೇ ರಿಲೇ ಗುರುತು ಸಿಕ್ಕಿತು. ಶಾಲೆಯ ಗೆಳತಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಹಾಗೆ. ಆದರೆ ಒಳಗಿನ ಚುಕ್ಕೆಗಳು ಬರಿಗಣ್ಣಿಗೆ ಕಾಣುವಂತಿರಲಿಲ್ಲ. ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನನ್ನು ಕೇಳಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಹಲ್ಲು ಕೆದಕುವ ಕೊಕ್ಕೆಯನ್ನೂ ತಂದೆ, ಬಳಕೆಯಿಂದ ತೆಗೆದು ಬದಿಗಿಟ್ಟದ್ದು. "ಯಾರ ಹಲ್ಲಿಗೆ?" ಎಂದು ಅವರು ಕೇಳಿದರು. "ಯಮನ ಹಲ್ಲಿಗೆ" ಎಂದೆ. ಕನ್ನಡಿ ಹಿಡಿದು ಇಣುಕಿದರೆ ಬೆಳ್ಳಿಯ ಚುಕ್ಕೆಗಳು ಎಷ್ಟೋ ವರ್ಷ ಬೆಳಗದ ದೀಪದ ಹಾಗೆ ಕಪ್ಪಾಗಿದ್ದವು. ಅವು ಒಂದನ್ನೊಂದು ಮುಟ್ಟುತ್ತಿದ್ದವು, ಆದರೆ ನಡುವಿನ ಕಪ್ಪು ದನಿಯನ್ನು ದಾಟಗೊಡುತ್ತಿರಲಿಲ್ಲ. ಉಜ್ಜುಕಾಗದ ಹಾಕಿದರೆ ಬೆಳ್ಳಿಯೇ ಎದ್ದುಹೋಗುತ್ತದೆ. ಅದಕ್ಕೇ ವಿಸಿಟಿಂಗ್ ಕಾರ್ಡು. ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಚುಕ್ಕೆಗಳ ನಡುವೆ ತೂರಿಸಿ, ರೆಪ್ಪೆಯನ್ನು ಬೆರಳಿನಿಂದ ಮೆತ್ತಗೆ ಅದುಮಿ ಎಳೆಯಬೇಕು. ಕಾಡಿಗೆಯಂಥ ಗೆರೆಯೊಂದು ಕಾರ್ಡಿಗೆ ಹತ್ತುತ್ತದೆ. ಮತ್ತೊಂದು ಪಟ್ಟಿ, ಮತ್ತೊಂದು ಗೆರೆ. ಏಳನೆಯ ಪಟ್ಟಿ ಬೆಳ್ಳಗೆ ಹೊರಬಂದಾಗ ನನಗಾದ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಮನೆಯಲ್ಲಿ ಯಾರೂ ಇರಲಿಲ್ಲ. ಮೈಕು ಸಿಕ್ಕಿಸಿ ಒಬ್ಬಳೇ "ಎಲೈ ಪಾಪಿ" ಎಂದೆ. ಕುಕ್ಕರು, ಮಿಕ್ಸಿ, ಮಸಾಲೆ ಡಬ್ಬಿಗಳೆಲ್ಲ ನಡುಗುವಂತೆ "ಪಾಪಿ ಪಾಪಿ ಪಾಪಿ" ಎಂದು ಅಡುಗೆಮನೆ ನನಗೆ ತಿರುಗಿ ಹೇಳಿತು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಮುಚ್ಚುವ ಮೊದಲು ಇನ್ನೊಮ್ಮೆ ಇಣುಕಿದೆ. ರೆಪ್ಪೆಯನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಒಂದು ಕೂದಲೆಳೆಯಷ್ಟು ಸೊಟ್ಟಗಿದ್ದಂತೆ ಕಂಡಿತು. ಹನ್ನೆರಡು ವರ್ಷ ಮರೆತಿದ್ದ ವಿದ್ಯೆಯೆಲ್ಲ ಒಮ್ಮೆಲೇ ಬೆರಳ ತುದಿಗೆ ಬಂದಿತ್ತಲ್ಲ! ಹಲ್ಲಿನ ಕೊಕ್ಕೆಯಿಂದ ಅದನ್ನು ಚೂರು ಒತ್ತಿ 'ಸರಿ' ಮಾಡಿದೆ.

ತಾಲೀಮುಗಳಲ್ಲಿ ಎಲ್ಲ ಸುಗಮವಾಗಿ ನಡೆಯಿತು. ಸಾಹೇಬರು ನನ್ನನ್ನು "ಇಂಜಿನಿಯರ್ ಬೇಟಿ" ಎಂದು ಕರೆಯತೊಡಗಿದರು. ದಿವಾಕರ ಮಿಕ್ಸಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ನಾಟಕದ ಸಂಜೆ ಶಾಲೆಯೊಂದರ ಸಭಾಂಗಣದಲ್ಲಿ ನಾನು ಮುಂದಿನ ಸಾಲಿನಲ್ಲೇ, ಕಾಂಜೀವರಂ ಉಟ್ಟು, ಕುಳಿತೆ.

ಮೊದಲ ಅರ್ಧ ಗಂಟೆ ಯಮ ಗುಡುಗಿದ. ಆಮೇಲೆ ದೀಪಗಳ ಬಿಸಿಗೋ, ಪೆಟ್ಟಿಗೆ ಕಾದದ್ದಕ್ಕೋ, ನಾನು ಒತ್ತಿದ್ದ ಸ್ಪ್ರಿಂಗು ಸೋತಿತು. ರಿಲೇ ಮುಟ್ಟಿತು, ಬಿಡಲಿಲ್ಲ. ಸಾಹೇಬರು ಕಾಲು ತೆಗೆದರೂ ಎಕೋ ನಿಲ್ಲಲಿಲ್ಲ. ಅದೇ ಹೊತ್ತಿಗೆ ಗುಡುಗಿ ಗುಡುಗಿ ಗಂಟಲೊಣಗಿದ ಯಮರಾಯ, ಯಾರಿಗೂ ಕೇಳದೆಂದು ನಂಬಿ, ಚಿತ್ರಗುಪ್ತನ ಕಡೆ ಬಾಗಿ ತುಳುವಿನಲ್ಲಿ ಪಿಸುಗುಟ್ಟಿದರು: "ನೀರ್ ಉಂಡಾ?"

"ಉಂಡಾ… ಉಂಡಾ… ಉಂಡಾ…" ಎಂದು ಯಮಲೋಕವೆಲ್ಲ ನೀರು ಕೇಳಿತು.

ಸಭೆ ಒಂದು ಕ್ಷಣ ಬೆಚ್ಚಿತು. ಮೋಹನಣ್ಣ ದಿಗಿಲಾಗಿ, "ಮೈಕ್ ಆನ್ ಉಂಟು ಮಾರಾಯ್ರೆ" ಎಂದರು. "ಮಾರಾಯ್ರೆ… ಮಾರಾಯ್ರೆ…" ಎಂದಿತು ಪೆಟ್ಟಿಗೆ. ತಂತಿ ಕಿತ್ತರೆ ಯಮನ ದನಿಯೇ ನಿಲ್ಲುತ್ತದೆ, ಆದ್ದರಿಂದ ಕೀಳುವ ಹಾಗಿಲ್ಲ. ದಿವಾಕರ ಸುಮ್ಮನೆ ನಿಂತರೆ ಅವರ ಏದುಸಿರೂ ಮೂರು ಮೂರು ಸಲ ಕೇಳುತ್ತಿತ್ತು. ಜನ ಕುರ್ಚಿ ಹಿಡಿದುಕೊಂಡು ನಗುತ್ತಿದ್ದರು. ನನಗೆ ಮಾತ್ರ ಕಾಂಜೀವರಂ ಒಳಗೆ ಬೆವರು. ಪಕ್ಕದಲ್ಲಿ ಅನ್ವಿ, "ಅಮ್ಮ, ವಾಟ್ ಡಿಡ್ ಯು ಡೂ?" ಎಂದಳು. ಏನು ಮಾಡಿದ್ದೆನೆಂದು ಆ ಸಭೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ನಾಟಕ ಮುಗಿದ ಮೇಲೆ ಹಿಂಬದಿಗೆ ಹೋದೆ. ಸಾಹೇಬರು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದರು. "ವಯಸ್ಸಾಯ್ತು ಬೇಟಿ ಇದಕ್ಕೆ. ನೀನಾದ್ರೂ ಏನು ಮಾಡ್ತಿ?" ಎಂದರು. ಹೌದೆನ್ನುವುದು ಎಷ್ಟು ಸುಲಭವಿತ್ತು! ಸುತ್ತ ನಿಂತವರೆಲ್ಲ ತಲೆಯಾಡಿಸುತ್ತಲೂ ಇದ್ದರು.

"ವಯಸ್ಸಿಂದಲ್ಲ ಸಾಹೇಬ್ರೇ," ಎಂದೆ. ದನಿ ಸಣ್ಣಗಾಗಿತ್ತು. "ಕ್ಲೀನ್ ಮಾಡಿದ್ದು ಸರಿ ಇತ್ತು. ಆಮೇಲೆ ಸ್ಪ್ರಿಂಗ್ ಬಗ್ಗಿಸಿದೆ. ಮುಟ್ಲಿಕ್ಕೇ ಬಾರದಿತ್ತು. ತಪ್ಪು ನನ್ನದು."

ಅವರು ಪೆಟ್ಟಿಗೆಯಿಂದ ಕೈ ತೆಗೆದರು. "ಆ ಶಾರ್ಜಾದವ ಖಲಾಸ್ ಅಂದ. ನೀನು ತಪ್ಪಾಯ್ತು ಅಂದಿ," ಎಂದರು. "ಖಲಾಸ್ ಆದದ್ದಕ್ಕೆ ಮದ್ದಿಲ್ಲ. ತಪ್ಪಾದದ್ದು ಸರಿ ಮಾಡ್ಬಹುದಲ್ಲ? ತಗೊಂಡು ಹೋಗು." ಪೆಟ್ಟಿಗೆಯನ್ನು ಎತ್ತಿ ನನ್ನ ಕೈಗೇ ಕೊಟ್ಟರು. ಕಾರಿನವರೆಗೆ ಅದನ್ನು ಹೊತ್ತುಕೊಂಡು ಹೋಗುವಾಗ ನನ್ನ ಕಣ್ಣು ಮಂಜಾಗಿತ್ತು.

ಬಗ್ಗಿದ ಸ್ಪ್ರಿಂಗನ್ನು ಮತ್ತೆ ಬಗ್ಗಿಸಿ ಸರಿ ಮಾಡುವ ಧೈರ್ಯ ನನಗೆ ಬರಲಿಲ್ಲ. ಬೇರೆ ರಿಲೇಯೇ ಬೇಕು. ಅದೇ ವೋಲ್ಟಿನದು, ಅಷ್ಟೇ ಕಾಲುಗಳದ್ದು, ಕಾಲುಗಳ ನಡುವೆ ಅಷ್ಟೇ ಅಂತರ ಇರುವಂಥದ್ದು. ಕೆಟ್ಟದ್ದನ್ನು ಅದರ ಸರ್ಕ್ಯೂಟ್ ಹಲಗೆಯ ಸಮೇತ ಕರ್ಚೀಫಿನಲ್ಲಿ ಕಟ್ಟಿಕೊಂಡು ದೇರಾದ ಬಿಡಿಭಾಗಗಳ ಅಂಗಡಿಗಳನ್ನು ಹತ್ತಿ ಇಳಿದೆ. ಎಲ್ಲ ಕಡೆ "ಮಾಫಿ", ಇಲ್ಲ. ಕೊನೆಗೆ ಗಲ್ಲಿಯೊಂದರೊಳಗೆ ಹಳೆ ಸಾಮಾನಿನ ರಾಶಿಯ ನಡುವೆ ಕುಳಿತಿದ್ದ ಪಠಾಣ ಮುದುಕರು ಅದನ್ನು ಕಣ್ಣಿನ ಹತ್ತಿರ ಹಿಡಿದು, "ಬೆಹೆನ್‌ಜೀ, ಇಸೇ ಲಗಾಯೇಗಾ ಕೌನ್?" ಎಂದರು. ಹಾಕುವವರು ಯಾರು ಎಂದು. "ಮೈ" ಎಂದೆ, ನಾನೇ ಎಂದು. ಅವರು ಎದ್ದು ನನಗೊಂದು ಸ್ಟೂಲು ಹಾಕಿ, ಚಹಾ ತರಿಸಿ, ಒಳಗಿನಿಂದ ಯಾವುದೋ ಆಫೀಸಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಯನ್ನು ಎಳೆದು ತಂದರು. ಹಸಿರು ಹಲಗೆಯ ಮೇಲೆ ಸಾಲಾಗಿ ಹದಿನಾರು ರಿಲೇಗಳು, ಪಂಕ್ತಿಯಲ್ಲಿ ಊಟಕ್ಕೆ ಕುಳಿತವರ ಹಾಗೆ. ನನ್ನದನ್ನು ಪಕ್ಕದಲ್ಲಿಟ್ಟು ನೋಡಿದೆ. ಕಾಲಿಗೆ ಕಾಲು ಸರಿಹೊಂದಿತು. ಮುದುಕರು ನನಗಿಂತ ಜೋರಾಗಿ ನಕ್ಕರು.

ಹೊಸ ಸೋಲ್ಡರಿಂಗ್ ಐರನ್ನನ್ನೂ ಅಲ್ಲೇ ಕೊಂಡೆ. ಮುಂದಿನ ಶುಕ್ರವಾರ ಬೆಳಿಗ್ಗೆ ದೋಸೆ ಹೊಯ್ದು ಮುಗಿಸಿದ ಕಟ್ಟೆಯ ಮೇಲೆ ಅದನ್ನು ಕಾಯಿಸಿದೆ. ಸೀಸ ಕರಗಿ ರಾಳದ ಹೊಗೆ ಮೂಗಿಗೆ ಬಡಿದದ್ದೇ ಪಾಲಿಟೆಕ್ನಿಕ್ಕಿನ ಲ್ಯಾಬು, ಅಲ್ಲಿ ಒಂದೇ ಐರನ್ನಿಗೆ ಜಗಳಾಡುತ್ತಿದ್ದ ನಾವು ನಾಲ್ವರು ಹುಡುಗಿಯರು, ಎಲ್ಲ ಅಡುಗೆಮನೆಗೆ ಬಂದುಬಿಟ್ಟಿತು. ಮೊದಲು ಸುಟ್ಟದ್ದು ನನ್ನ ಬೆರಳು. ಎರಡನೆಯದು ಕಟ್ಟೆ ಒರೆಸುವ ಬಟ್ಟೆ. ಮೂರನೆಯ ಸಲಕ್ಕೆ ಕೈಗೆ ಎಲ್ಲ ನೆನಪಾಯಿತು. ಸ್ಪ್ರಿಂಗಿನ ಹತ್ತಿರ ಮಾತ್ರ ಈ ಸಲ ಕೊಕ್ಕೆ ಸುಳಿಯಲಿಲ್ಲ. ಪೆಟ್ಟಿಗೆಯನ್ನು ಬೆಳಗಿನಿಂದ ಮೂರು ಗಂಟೆಯವರೆಗೆ ಚಾಲೂ ಇಟ್ಟು, ಹೋಗುತ್ತ ಬರುತ್ತ ಸ್ವಿಚ್ಚು ಒತ್ತಿದೆ. ಟಿಕ್, ಟಿಕ್. ಮುಟ್ಟು ಎಂದರೆ ಮುಟ್ಟಿತು, ಬಿಡು ಎಂದರೆ ಬಿಟ್ಟಿತು.

ಹೆಮ್ಮೆಯಿಂದ ಮೋಹನಣ್ಣನಿಗೆ ಫೋನು ಮಾಡಿದೆ. ಎರಡು ವಾರದಲ್ಲಿ ಅಬುಧಾಬಿಯಲ್ಲಿ ಅದೇ ನಾಟಕದ ಇನ್ನೊಂದು ಪ್ರದರ್ಶನವಿತ್ತು.

"ರಿಪೇರಿ ಆಯ್ತು ಮೋಹನಣ್ಣ!"

"ಅಯ್ಯೋ ದೇವ್ರೇ, ಎಂತ ಮಾಡಿದ್ರಿ ಶಶಿಯಕ್ಕ! ಅಲ್ಲಿಯವರು ಟಿಕೆಟ್ ಕೇಳುವುದೇ ಯಮ ನೀರು ಕೇಳುವ ಸೀನ್ ಉಂಟಾ ಅಂತ. ನಾನು ಉಂಟು ಅಂದುಬಿಟ್ಟಿದ್ದೇನೆ. ಮೊದ್ಲಿನ ಹಾಗೆ ಹಾಳು ಮಾಡ್ಲಿಕ್ಕೆ ಆಗ್ತದಾ?"

ಹಾಳು ಮಾಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಆದರೆ ಹಾಳಾದಂತೆ ಮಾಡಬಹುದಲ್ಲ! ಎಲ್ಲಿ ಬಿಡಬೇಕೋ ಅಲ್ಲಿ ಸ್ವಿಚ್ಚಿನಿಂದ ಕಾಲು ತೆಗೆಯದಿದ್ದರೆ ಆಯಿತು. ಮೋಹನಣ್ಣ ಅರ್ಧ ದಿನದಲ್ಲಿ ಆ ಭಾಗವನ್ನು ಹೊಸದಾಗಿ ಬರೆದುಕೊಟ್ಟರು.

ಅಬುಧಾಬಿಗೆ ಹೋಗುವಾಗ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ನನ್ನ ಮತ್ತು ಅನ್ವಿಯ ನಡುವೆ ಸೀಟ್‌ಬೆಲ್ಟ್ ಹಾಕಿಕೊಂಡು ಕುಳಿತಿತು. ಮುಂದೆ ಕುಳಿತ ಸಾಹೇಬರು ದಾರಿಯುದ್ದಕ್ಕೂ ಹಿಂತಿರುಗಿ ಅದರ ಕ್ಷೇಮ ವಿಚಾರಿಸುತ್ತಿದ್ದರು. ವೇದಿಕೆಯ ಬದಿಯಲ್ಲಿ ಎಲ್ಲ ಜೋಡಿಸಿ ಮುಗಿದ ಮೇಲೆ ಅವರು ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ.

"ಇವತ್ತು ನೀನು ಒತ್ತು," ಎಂದರು.

"ನಾನಾ? ನೀವಲ್ವಾ ಯಾವಾಗ್ಲೂ…"

"ನಂಗೆ ಒಂದು ಸಲನಾದ್ರೂ ಮುಂದೆ ಕೂತು ನಾಟಕ ನೋಡ್ಬೇಕು ಬೇಟಿ. ಇಷ್ಟು ವರ್ಷ ಯಮನ ಬೆನ್ನು ಮಾತ್ರ ನೋಡಿದ್ದು. ಯಲ್ಲಾ, ಬೇಗ ಚಪ್ಪಲಿ ಕಳಚು."

ಕಳಚಿದೆ. ಬರಿಗಾಲಿಗೆ ಸ್ವಿಚ್ಚು ತಣ್ಣಗಿತ್ತು. ದಿವಾಕರ ಸಿಂಹಾಸನದಿಂದ ಬದಿಗೆ ನೋಡಿ, ಸಾಹೇಬರ ಜಾಗದಲ್ಲಿ ನನ್ನನ್ನು ಕಂಡು, ಮೊದಲ ಮಾತನ್ನೇ ಮರೆತರು. ಆಮೇಲೆ ನಾವಿಬ್ಬರೂ ಹೊಂದಿಕೊಂಡೆವು. ಅವರು ತೀರ್ಪು ಕೊಟ್ಟರೆ ಒತ್ತಿದೆ. ಗುಟ್ಟು ಹೇಳಿದರೆ ಬಿಟ್ಟೆ. "ನೀರ್ ಉಂಡಾ" ಎಂದಾಗ ಕಾಲು ಕೀಳದೆ ಗಟ್ಟಿಯಾಗಿ ಊರಿದೆ. ಸಭೆ ನಗೆಯಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಪಕ್ಕದವರ ತೊಡೆಗೆ ಬಡಿಯುತ್ತಿದ್ದರು. ಉತ್ಸಾಹ ಹೆಚ್ಚಾದ ದಿವಾಕರ ಬರೆದದ್ದನ್ನು ಬಿಟ್ಟು, "ನೋಡಯ್ಯಾ ಚಿತ್ರಗುಪ್ತ, ಮೂರು ಲೋಕ ನನಗೆ ಹೆದರುತ್ತದೆ. ನಾನು ಹೆದರುವುದು ಆ ಬದಿಯಲ್ಲಿ ಕುಳಿತವಳಿಗೆ" ಎಂದರು. ಅದಕ್ಕೂ ಎಕೋ ಕೊಟ್ಟೆ.

ಕೊನೆಗೆ ಎಲ್ಲ ಪಾತ್ರಧಾರಿಗಳೂ ಸಾಲಾಗಿ ನಿಂತರು. ಮೋಹನಣ್ಣ ಯಮನ ಮುಂದಿದ್ದ ಮೈಕಿಗೇ ಬಂದು ಒಬ್ಬೊಬ್ಬರ ಹೆಸರು ಹೇಳತೊಡಗಿದರು. ಅವರವರ ಪಾಲಿನ ಚಪ್ಪಾಳೆ ಬಿತ್ತು. ಬಣ್ಣದವರ ಹೆಸರಾಯಿತು, ದೀಪದವರದಾಯಿತು. ಮುಗಿಯಿತೆಂದು ನಾನು ಚಪ್ಪಲಿಗಾಗಿ ತಡಕಾಡುತ್ತಿದ್ದೆ. ಆಗ ಮೋಹನಣ್ಣ ಬದಿಗೆ ತಿರುಗಿ, "ಮತ್ತು ನಮ್ಮ ಎಕೋ ಮೆಷಿನನ್ನು ಬದುಕಿಸಿದವರು, ಇವತ್ತು ಅದನ್ನು ನಡೆಸಿದವರೂ ಅವರೇ," ಎಂದು ಒಂದು ಕ್ಷಣ ತಡೆದರು. ಅಷ್ಟರಲ್ಲಿ ನನ್ನ ಕಾಲು ತಾನಾಗಿ ಸ್ವಿಚ್ಚಿನ ಮೇಲೆ ಹೋಗಿತ್ತು.

"ಶ್ರೀಮತಿ ಶಶಿಕಲಾ!"

"ಕಲಾ… ಕಲಾ… ಕಲಾ… ಕಲಾ…" ಎನ್ನುತ್ತ ಸಭಾಂಗಣದ ಕೊನೆಯ ಸಾಲಿನವರೆಗೆ ನನ್ನ ಹೆಸರು ನಡೆದುಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅನ್ವಿ ಕುರ್ಚಿ ಹತ್ತಿ ನಿಂತು ಎರಡೂ ಕೈ ಬೀಸುತ್ತಿದ್ದಳು. ರಿಲೇಯಲ್ಲಿ ಆ ಹೊತ್ತು ಯಾವ ದೋಷವೂ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಕಾಲು ತೆಗೆದಿದ್ದರೆ ಆ ಕ್ಷಣವೇ ನಿಲ್ಲುತ್ತಿತ್ತು.

ನಾನು ತೆಗೆಯಲಿಲ್ಲ.